ಶ್ವಾನಕ್ಷೌರ

ನಮ್ಮ ಹೊರಕೆರೆದೇವಪುರದಲ್ಲಿ ಮನುಷ್ಯರ ತಲೆಗಾಗಲಿ ಕುರಿಯ ಮೈಗಾಗಲಿ ಕತ್ತರಿ ಹಿಡಿಯುವ ಕೈಗಳಿಗೆ ಎಂದೂ ಕೊರತೆಯಾದುದಿಲ್ಲ. ಆದರೆ ನಾಯಿಗೆಂದು ಒಂದು ಕ್ಷೌರಯಂತ್ರವನ್ನು ಕೊಳ್ಳಬೇಕಾಗಿದೆ ಎಂಬ ಮಾತನ್ನು ಲಕ್ಷ್ಮೀನರಸಿಂಹಸ್ವಾಮಿಯ ಗುಡಿಯ ಮುಂದೆ ನಾನು ಮೊದಲ ಬಾರಿಗೆ ಆಡಿದಾಗ, ನನ್ನನ್ನು ಮೂವತ್ತೈದು ವರ್ಷಗಳಿಂದ ಮೇಷ್ಟ್ರೆಂದು ಬಲ್ಲವರೇ, ನಿವೃತ್ತಿಯಾದ ಮೇಲೆ ಮನುಷ್ಯನ ಬುದ್ಧಿ ಯಾವ ದಿಕ್ಕಿಗೆ ಹರಿಯುವುದೋ ಹೇಳಬರುವುದಿಲ್ಲವೆಂಬಂತೆ ಪರಸ್ಪರ ಮುಖ ನೋಡಿಕೊಂಡರು. ಅವರ ತಪ್ಪೇನೂ ಇಲ್ಲ. ನಮ್ಮ ಸೀಮೆಯ ನಾಯಿಯೆಂದರೆ ಮೈಗಂಟಿದ ಗಿಡ್ಡ ಕೂದಲಿನದು. ಪುಷ್ಯಮಾಸದ ಚಳಿಯಲ್ಲಿ ಒಲೆಯ ಬೂದಿಯ ಮೇಲೆ ಮಲಗಿ, ಚೈತ್ರದ ಬಿಸಿಲಿನಲ್ಲಿ ನೀರಿನ ತೊಟ್ಟಿಯ ಮಗ್ಗುಲಿನ ಹಸಿಮಣ್ಣನ್ನು ಕೆದರಿಕೊಂಡು ಅದರಲ್ಲಿ ಹೊಟ್ಟೆಯಿಟ್ಟು, ಯಾರ ಉಪಚಾರವನ್ನೂ ಅಪೇಕ್ಷಿಸದೆ ಆಯುಷ್ಯವನ್ನು ಕಳೆಯತಕ್ಕ ಜೀವ ಅದು.

ಕನ್ನಡನಾಡಿನ ಪ್ರಸಿದ್ಧ ನಾಯಿಗಳೂ ಈ ಅಲ್ಪರೋಮದ ವಂಶಕ್ಕೇ ಸೇರಿದವು. ಮುಧೋಳದ ಬೇಟೆನಾಯಿಯನ್ನು ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಕ್ರಿ.ಶ. 949-50ರ ಆತಕೂರಿನ ಶಾಸನದಲ್ಲಿ, ಮಣಲೆರನೆಂಬ ವೀರನು ತನ್ನ ಪರಾಕ್ರಮಕ್ಕೆ ಪ್ರತಿಯಾಗಿ ಬೇಡಿ ಪಡೆದ ಕಾಳಿಯೆಂಬ ನಾಯಿ ಕಾಡುಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಒಟ್ಟಿಗೆ ಸತ್ತ ವೃತ್ತಾಂತವುಂಟಷ್ಟೆ. ಆ ಕಾಳಿಗೂ ಯಾರೂ ಬಾಚಣಿಗೆ ಹಾಕಿರಲಾರರು. 2005ರ ಜನವರಿಯಲ್ಲಿ ಅಂಚೆ ಇಲಾಖೆಯವರು ದೇಶೀ ನಾಯಿಗಳ ನಾಲ್ಕು ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳ, ರಾಜಪಾಳಯಂ, ರಾಂಪುರ ಎಂಬ ಮೂರು ಕೃಶಕಾಯದ ಬೇಟೆನಾಯಿಗಳಾಗಿದ್ದು, ಮೈತುಂಬ ರೋಮವಿದ್ದುದು ಹಿಮಾಲಯದ ಕುರಿನಾಯಿ ಒಂದಕ್ಕೇ. ರೋಮವಿರಬೇಕಾದ ಕಡೆಗೆ ಪ್ರಕೃತಿ ರೋಮವನ್ನು ಕೊಟ್ಟಿತ್ತು. ಅದನ್ನು ಇಲ್ಲದ ಕಡೆಗೆ ತಂದು ಇಟ್ಟುಕೊಂಡವರು ನಾವು.

ನಾವು ಎಂದುದರಲ್ಲಿ ನಾನೂ ಸೇರಿದ್ದೇನೆ. ಬೆಂಗಳೂರಿನಲ್ಲಿದ್ದ ಮಗ ಸೊಸೆಯರು ಉದ್ಯೋಗನಿಮಿತ್ತ ಅಮೆರಿಕಕ್ಕೆ ಹೊರಟಾಗ, ಅವರ ಬೆಳ್ಳಿ ಎಂಬ ನಾಯಿ ನಮ್ಮ ಪಾಲಿಗೆ ಬಂದಿತು. ಪೇಟೆಯವರೆಲ್ಲ ಪಾಮೇರಿಯನ್ ಎಂದು ಕರೆಯುವ, ತಿಳಿದವರು ಸ್ಪಿಟ್ಜ್ ಎಂದು ತಿದ್ದುವ ಜಾತಿ. ಹೆಸರಿಗೆ ತಕ್ಕ ಶುಭ್ರಧವಲ ವರ್ಣ. ಕೊರಳಿನ ಸುತ್ತ ಸಿಂಹದ ಕೇಸರದಂತಹ ಕೂದಲು. ಶೀತದೇಶದ ಪೂರ್ವಜರಿಂದ ಬಂದ ಈ ಜಾತಿಗೆ ಒಂದರೊಳಗೊಂದು ಎರಡು ಹೊದಿಕೆಗಳಿರುತ್ತವೆ: ಹೊರಗೆ ನೀಳವೂ ನೆಟ್ಟಗೂ ಇರುವ ಒರಟುಗೂದಲು, ಅದರ ಬುಡದಲ್ಲಿ ಅರಳೆಯಂತೆ ಒತ್ತಾಗಿ ಬೆಳೆದ ಮೃದುರೋಮ. ಅಡಕೆತೋಟಕ್ಕೆ ನನ್ನ ಹಿಂದೆ ಬಂದು ಮರಳುವಷ್ಟರಲ್ಲಿ ಉತ್ತರಾಣಿಯ ಬೀಜಗಳೂ ನೆಗ್ಗಿಲುಮುಳ್ಳುಗಳೂ ಆ ಅರಳೆಯಲ್ಲಿ ಸೇರಿಕೊಂಡು, ಎರಡು ದಿನ ಅಲಕ್ಷ್ಯ ಮಾಡಿದರೆ ಅವುಗಳ ಸುತ್ತ ಕೂದಲು ಗಂಟುಬಿದ್ದು, ಎಂಟು ದಿನದಲ್ಲಿ ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಜಡೆಗಟ್ಟಿ ನಿಲ್ಲುತ್ತಿದ್ದವು. ಜಡೆ ತಪಸ್ವಿಗೆ ಭೂಷಣವಾದೀತು. ನಾಯಿಗೆ ಅದು ಹೆಜ್ಜೆಹೆಜ್ಜೆಗೂ ಚರ್ಮವನ್ನು ಎಳೆಯುವ ಯಾತನೆ.

ಮೊದಲ ಬೇಸಿಗೆಯಲ್ಲಿ ನಾನು ಮಾಡಿದ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುವುದು ಮೇಲು. ನಮ್ಮ ಬಯಲುಸೀಮೆಯ ಬಿಸಿಲಿಗೆ ಏದುತ್ತಿದ್ದ ಪ್ರಾಣಿಯ ಮೇಲೆ ಕನಿಕರಪಟ್ಟು, ಹತ್ತಿರದ ಪಟ್ಟಣವೊಂದರ ನಾಯಿಕ್ಷೌರದ ಅಂಗಡಿಗೆ ಅದನ್ನು ಕರೆದೊಯ್ದು, ಬುಡಮಟ್ಟ ಬೋಳಿಸಿರೆಂದು ನಾನೇ ಹೇಳಿದೆ. ಅವರು ಎರಡನೆಯ ಮಾತಾಡದೆ ಬೋಳಿಸಿದರು. ಮನೆಗೆ ಬಂದ ಪ್ರಾಣಿಯನ್ನು ನನ್ನ ಹೆಂಡತಿ ನೋಡಿ, ಮಾತಿಲ್ಲದೆ ಒಳಗೆ ಹೋದಳು. ಮೂರನೆಯ ದಿನಕ್ಕೆ ಅದರ ನಸುಗೆಂಪು ಚರ್ಮ ಬಿಸಿಲಿಗೆ ಕಂದಿತು. ಏದುವುದಂತೂ ಮೊದಲಿಗಿಂತ ಕಡಿಮೆಯಾಗಲಿಲ್ಲ. ಮನುಷ್ಯನಂತೆ ನಾಯಿ ಮೈಯೆಲ್ಲ ಬೆವರಿ ತಂಪಾಗುವ ಪ್ರಾಣಿಯಲ್ಲವೆಂಬುದೂ, ಅಂಗಾಲಿನಲ್ಲಿ ಅಲ್ಪಸ್ವಲ್ಪ ಬೆವರುವುದನ್ನು ಬಿಟ್ಟರೆ ಅದರ ತಾಪವೆಲ್ಲ ಹೊರಹೋಗುವುದು ಮುಖ್ಯವಾಗಿ ನಾಲಗೆಯ ಮೂಲಕವೆಂಬುದೂ, ನಾವು ಕಂಬಳಿಯೆಂದು ತಿಳಿದು ಕಿತ್ತೊಗೆದ ಆ ರೋಮವು ಚಳಿಯಂತೆಯೇ ಬಿಸಿಲನ್ನೂ ತಡೆಯುವ ಚಪ್ಪರವಾಗಿತ್ತೆಂಬುದೂ ನನಗೆ ತಿಳಿದುದು ಆಮೇಲೆ. ಮುಂದೆ ಕೂದಲು ಬಂದಿತೇನೋ ನಿಜ. ಆದರೆ ಬೆನ್ನಿನ ಮೇಲೆ ಬರೀ ಅರಳೆ, ಪಕ್ಕೆಯಲ್ಲಿ ಬೋಳುತೇಪೆ, ಒರಟುಗೂದಲು ಅಲ್ಲೊಂದು ಇಲ್ಲೊಂದು. ಪಶುವೈದ್ಯರು ನೋಡಿ, ಈ ಜಾತಿಯ ನಾಯಿಗಳಲ್ಲಿ ಬೋಳಿಸಿದ ಮೇಲೆ ಹೀಗಾಗುವುದುಂಟು, ಸರಿಹೋಗುವುದಕ್ಕೆ ಒಂದು ವರ್ಷವೂ ಹಿಡಿಯಬಹುದು ಎರಡೂ ಹಿಡಿಯಬಹುದು ಎಂದರು. ಹದಿನಾಲ್ಕು ತಿಂಗಳು ಹಿಡಿಯಿತು.

ಈ ಹದಿನಾಲ್ಕು ತಿಂಗಳ ನಡುವೆ ನನಗೆ ನಿಜವಾದ ಪಾಠವಾದುದು ಊರಾಚೆಯ ಒಂದು ಕುರಿರೊಪ್ಪದಲ್ಲಿ. ರಾಜ್ಯದಲ್ಲಿ ಕುರಿಗಳು ಹೆಚ್ಚಾಗಿರುವ ಜಿಲ್ಲೆಗಳಲ್ಲಿ ನಮ್ಮ ಚಿತ್ರದುರ್ಗವೂ ಒಂದು. ಚಳ್ಳಕೆರೆಯ ಕಂಬಳಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಹುಣಸೆಬೀಜದ ಗಂಜಿ ಕುಡಿದು ಬಿರುಸಾದ ಆ ಕಂಬಳಿಯ ಹಿಂದೆ ವರ್ಷಕ್ಕೆರಡು ಬಾರಿ ಈ ರೊಪ್ಪಗಳಲ್ಲಿ ನಡೆಯುವ ಉಣ್ಣೆಯ ಕಟಾವು ಇದೆ. ಹಿಂದಿನ ದಿನವೇ ಕೆರೆಯಲ್ಲಿ ಮೈತೊಳೆಸಿ ಒಣಗಿಸಿದ ಕುರಿಯ ಕಾಲುಗಳನ್ನು ಕಟ್ಟಿ ಮಲಗಿಸಿ, ಎಡಗೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಬಲಗೈಯ ಕತ್ತರಿಯನ್ನು ಅದರ ಮೇಲೆ ಮಲಗಿಸಿದಂತೆ ಓಡಿಸುವ ಆ ಹಿರಿಯರ ಕೈಯಿಂದ ಕಪ್ಪುಣ್ಣೆ ಇಡಿಯ ಹಾಸಾಗಿ ಕಳಚಿ ಬೀಳುವುದನ್ನು ನೋಡುತ್ತ ನಿಂತರೆ ಹೊತ್ತು ಹೋದುದೇ ತಿಳಿಯದು. ಉಣ್ಣೆಗೆ ಈಗ ಬೆಲೆಯಿಲ್ಲ. ಕತ್ತರಿಸಿದವನಿಗೆ ಕೊಡುವ ಕೂಲಿಯೂ ಅದರಿಂದ ಹುಟ್ಟುವುದಿಲ್ಲವೆಂದು ಕುರಿಯವರು ಹೇಳುತ್ತಾರೆ. ಆದರೂ ಕತ್ತರಿಸದೆ ವಿಧಿಯಿಲ್ಲ.

ಅಲ್ಲಿಗೆ ನನ್ನ ಹಿಂದೆಯೇ ಬಂದಿದ್ದ ಬೆಳ್ಳಿಯ ತೇಪೆಬಿದ್ದ ಮೈಯನ್ನು ಆ ಹಿರಿಯರಲ್ಲೊಬ್ಬರು ಬೆರಳಿನಿಂದ ಬಿಡಿಸಿ ಬಿಡಿಸಿ ನೋಡಿ, “ಮೇಷ್ಟ್ರೇ, ಕುರೀದು ಬೆಳೆಯೋ ಉಣ್ಣೆ, ಕತ್ತರಿಸ್ದಂಗೂ ಬರ್ತೈತೆ. ಇದ್ರುದ್ದು ಉದುರೋ ಕೂದ್ಲು. ಉದುರೋದುನ್ನ ಬಾಚಿ ತಗೀಬೇಕು. ಇದುಕ್ಯಾಕೆ ಕತ್ತರಿ ಹಾಕ್ಸಿದ್ರಿ?” ಎಂದರು. ಶಾಲೆಯಲ್ಲಿ ಮೂವತ್ತೈದು ವರ್ಷ ವಿಜ್ಞಾನವನ್ನು ಬೋಧಿಸಿದವನಿಗೆ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಉಣ್ಣೆ ಎಂಬ ನಮ್ಮ ಶಬ್ದಕ್ಕೇ ಎರಡು ಅರ್ಥಗಳಿವೆಯೆಂಬುದನ್ನು ಓದುಗರು ಬಲ್ಲರು: ಸಂಸ್ಕೃತದ ಊರ್ಣಾ ಎಂಬುದರಿಂದ ಬಂದ ಕುರಿಯ ಉಣ್ಣೆ ಒಂದು, ರಕ್ತ ಹೀರುವ ಹುಳುವಾದ ಅಚ್ಚಗನ್ನಡದ ಉಣ್ಣೆ ಇನ್ನೊಂದು. ಬೆಳ್ಳಿಯ ಮೈಯಲ್ಲಿ ಎರಡನೆಯದು ಯಥೇಚ್ಛವಾಗಿತ್ತು, ಮೊದಲನೆಯದು ಇರಲೇ ಇಲ್ಲ. ಇದ್ದುದು ಉಣ್ಣೆಯಂತೆ ಕಾಣುವ ಬೇರೊಂದು ವಸ್ತು.

ನಾಯಿಗೆ ಯಂತ್ರ ಕೊಳ್ಳಹೊರಟವರು ಬೆಲೆಯನ್ನು ವಿಚಾರಿಸುವ ಮೊದಲು ವಿಚಾರಿಸಬೇಕಾದುದು ಈ ಭೇದವನ್ನು. ಪೂಡಲ್, ಲಾಸಾ ಆಪ್ಸೊ, ಶಿಟ್ಜು ಮುಂತಾದವುಗಳ ಕೂದಲು, ಮನುಷ್ಯನ ತಲೆಗೂದಲಿನಂತೆಯೇ ಕುರಿಯ ಉಣ್ಣೆಯಂತೆಯೇ, ನಿಲ್ಲದೆ ಬೆಳೆಯುತ್ತ ಹೋಗುವುದು. ಅವುಗಳಿಗೆ ಆರೆಂಟು ವಾರಗಳಿಗೊಮ್ಮೆ ಕ್ಷೌರವಾಗಲೇಬೇಕು, ಅವುಗಳ ಯಜಮಾನನಿಗೆ ಯಂತ್ರವೇ ಮುಖ್ಯೋಪಕರಣ. ಸ್ಪಿಟ್ಜ್, ಜರ್ಮನ್ ಶೆಫರ್ಡ್, ಗೋಲ್ಡನ್ ರಿಟ್ರೀವರ್ ಮೊದಲಾದವುಗಳ ಕೂದಲಾದರೋ ತನ್ನ ನಿಯತವಾದ ನೀಳಕ್ಕೆ ಬಂದು ನಿಂತು, ಕಾಲ ಬಂದಾಗ ಉದುರಿ, ಮರಳಿ ಹುಟ್ಟುವಂಥದು. ಇವುಗಳಿಗೆ ಮುಖ್ಯವಾದುದು ಒಳರೋಮವನ್ನು ಕೆರೆದು ತೆಗೆಯುವ ಉದ್ದಹಲ್ಲಿನ ಬಾಚಣಿಗೆ, ತಂತಿಹಲ್ಲಿನ ಬ್ರಷ್ಷು, ಕೊನೆಯಲ್ಲಿ ಪರೀಕ್ಷೆಗಾಗಿ ಒಂದು ಉಕ್ಕಿನ ಬಾಚಣಿಗೆ. ಯಂತ್ರದ ಪಾತ್ರ ಬಹಳ ಚಿಕ್ಕದು: ಬಾಚಣಿಗೆಗೆ ಬಗ್ಗದ ಜಡೆಯನ್ನು ಬಿಡಿಸುವುದು, ಬಾಲದ ಕೆಳಗೆ ಶುಚಿಗಾಗಿ ಕತ್ತರಿಸುವುದು, ಅಂಗಾಲಿನ ಮೆತ್ತೆಗಳ ನಡುವಿನ ಕೂದಲನ್ನು ತೆಗೆಯುವುದು, ಗಾಯವಾದಲ್ಲಿ ಔಷಧ ಹಚ್ಚುವುದಕ್ಕೆ ಜಾಗ ಮಾಡಿಕೊಡುವುದು. ಪಾತ್ರ ಚಿಕ್ಕದಾದ ಮಾತ್ರಕ್ಕೆ ಯಾವ ಯಂತ್ರವಾದರೂ ಸಾಕೆಂದು ತಿಳಿಯಬಾರದು; ಜಡೆಯನ್ನು ಕತ್ತರಿಸುವುದೇ ಎಲ್ಲಕ್ಕಿಂತ ಬಿರುಸಿನ ಕೆಲಸ. ಇದು ನನಗೆ ಅರ್ಥವಾದುದು ಎರಡು ಯಂತ್ರಗಳನ್ನು ಕಳೆದುಕೊಂಡ ಮೇಲೆ.

ಮೊದಲನೆಯದು ನನ್ನದೇ ಗಡ್ಡದ ಟ್ರಿಮ್ಮರು. ಮನುಷ್ಯನಿಗೆ ಸಾಮಾನ್ಯವಾಗಿ ಒಂದು ರಂಧ್ರದಿಂದ ಒಂದೆರಡು ಕೂದಲು ಹೊರಟರೆ, ನಾಯಿಗೆ ಒಂದೇ ರಂಧ್ರದಿಂದ ಒಂದು ಒರಟುಗೂದಲೂ ಅದರ ಸುತ್ತ ಮೃದುರೋಮದ ಒಂದು ಗೊಂಚಲೂ ಹೊರಡುತ್ತವೆ; ಆ ನಿಬಿಡತೆಯೊಳಕ್ಕೆ ನುಗ್ಗಿದ ಟ್ರಿಮ್ಮರು ಒಂದು ಅಂಗುಲ ಸರಿದು, ಗೊಗ್ಗರು ದನಿಯಲ್ಲಿ ನರಳಿ, ಕೂದಲನ್ನು ಕಚ್ಚಿಕೊಂಡೇ ನಿಂತಿತು. ಬೆಳ್ಳಿ ಕಿರುಚಿ ಓಡಿದ ಓಟಕ್ಕೆ ಟ್ರಿಮ್ಮರು ಅದರ ತೊಡೆಗೆ ಜೋತುಕೊಂಡೇ ಹಿತ್ತಿಲಿಗೆ ಹೋಯಿತು. ಎರಡನೆಯದು ಮಗ ಅಮೆರಿಕದಿಂದ ತಂದುದು. ಅಲ್ಲಿಯ ವಿದ್ಯುತ್ತು 120 ವೋಲ್ಟು, 60 ಆವರ್ತ. ಇಲ್ಲಿಯದು 230 ವೋಲ್ಟು, 50 ಆವರ್ತ. ಇದನ್ನು ಮಕ್ಕಳಿಗೆ ಪಾಠ ಹೇಳಿದ್ದ ನಾನೇ, ಪಿನ್ನು ಹೊಂದಿಕೊಂಡಿತೆಂಬ ಉತ್ಸಾಹದಲ್ಲಿ ಯಂತ್ರದ ಕೆಳಗಿನ ಚೀಟಿಯನ್ನು ಓದದೆ ಗುಂಡಿಯೊತ್ತಿದೆ. ಸುಟ್ಟ ವಾಸನೆ ಮಧ್ಯಾಹ್ನದವರೆಗೂ ಹಜಾರದಲ್ಲಿತ್ತು.

ಈ ಯಂತ್ರಗಳ ವಂಶಾವಳಿಯನ್ನು ಹುಡುಕುತ್ತ ಹೋದರೆ ಅದೂ ಕೊನೆಗೆ ಕುರಿರೊಪ್ಪಕ್ಕೇ ಮುಟ್ಟುವುದು ನನಗೆ ಸೋಜಿಗವೆನಿಸಿತು. ಆಸ್ಟ್ರೇಲಿಯದಲ್ಲಿ ಫ್ರೆಡರಿಕ್ ವುಲ್ಸ್‌ಲಿ ಎಂಬಾತನು 1877ರಲ್ಲಿ ಕುರಿಯುಣ್ಣೆ ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದು, ಮುಂದೆ ಹತ್ತು ವರ್ಷಗಳ ಕಾಲ ತಿದ್ದಿದ ಮೇಲೆ, 1888ರಲ್ಲಿ ಡಾರ್ಲಿಂಗ್ ನದಿಯ ಬಳಿಯ ಡನ್ಲಪ್ ಎಂಬ ಕುರಿಪಾಳ್ಯದಲ್ಲಿ ಇಡೀ ಹಿಂಡಿನ ಉಣ್ಣೆಯನ್ನು ಯಂತ್ರದಿಂದಲೇ ತೆಗೆಸಿದನು. ಆತನ ಕಾರ್ಖಾನೆಯಲ್ಲಿ ಆ ಯಂತ್ರಗಳನ್ನು ಸುಧಾರಿಸುತ್ತಿದ್ದ ಹರ್ಬರ್ಟ್ ಆಸ್ಟಿನ್ ಎಂಬವನೇ ಮುಂದೆ ಆಸ್ಟಿನ್ ಕಾರಿನ ಜನಕನಾದುದು. ನಮ್ಮ ಬಾಲ್ಯದಲ್ಲಿ ಧೂಳೆಬ್ಬಿಸಿಕೊಂಡು ಬರುತ್ತಿದ್ದ ಆ ಕಾರಿಗೂ ಕುರಿಯ ಬೆನ್ನಿಗೂ ನೆಂಟಸ್ತನವಿತ್ತೆಂದು ಆಗ ಯಾರಿಗೆ ಗೊತ್ತಿತ್ತು? ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ವಿದ್ಯುತ್ ಯಂತ್ರ ಬಂದುದು ಅದಕ್ಕೂ ಈಚೆ: ಅಮೆರಿಕದ ಇಲಿನಾಯ್ ಪ್ರಾಂತದ ಲಿಯೊ ವಾಲ್ ಎಂಬವನು 1919ರಲ್ಲಿ ಅಯಸ್ಕಾಂತದ ಕಂಪನದಿಂದ ನಡೆಯುವ ಯಂತ್ರವನ್ನು ರೂಪಿಸಿದನು. ಆ ಬಳಿಕದ ದಶಕದಲ್ಲಿ ರೇಸೀನ್ ಎಂಬ ಒಂದೇ ಊರಿನಿಂದ ಆಂಡಿಸ್, ಆಸ್ಟರ್ ಎಂಬ ಇಬ್ಬರ ಕಾರ್ಖಾನೆಗಳು ಹೊರಟವು.

ವಾಲ್‌ನ ಆ ಕಂಪನಯಂತ್ರವೇ ನಮ್ಮ ಊರಿನ ಕ್ಷೌರದಂಗಡಿಗಳಲ್ಲಿ ಝೇಂಕರಿಸುವ ಮಿಷನ್ನಿನ ಪೂರ್ವಜ. ವಿದ್ಯುತ್ತಿನ ಒಂದೊಂದು ಆವರ್ತಕ್ಕೆ ಎರಡೆರಡು ಬಾರಿ ಬ್ಲೇಡು ಅಲುಗುವುದರಿಂದ ನಮ್ಮ 50 ಆವರ್ತದಲ್ಲಿ ಅದು ನಿಮಿಷಕ್ಕೆ 6000 ಸಲ ಓಡಾಡುತ್ತದೆ. ಓಟದಲ್ಲಿ ಚುರುಕು, ಆದರೆ ಎದುರಿಗೆ ಭಾರ ಬಿದ್ದರೆ ಸೋಲುವ ಸ್ವಭಾವ. ಸಂಜೆಯ ಹೊತ್ತು ಊರಿನ ದೀಪಗಳೆಲ್ಲ ಮಂಕಾಗಿ ವೋಲ್ಟೇಜು ಇಳಿದಾಗ ಅದರ ದನಿಯೂ ಕುಂದುವುದನ್ನೂ, ಕ್ಷೌರಿಕನು ಪಕ್ಕದ ತಿರುಪನ್ನು ಸ್ವಲ್ಪ ತಿರುವಿ ಸರಿಮಾಡಿಕೊಳ್ಳುವುದನ್ನೂ ನೀವು ಕಂಡಿರಬಹುದು. ಒತ್ತುರೋಮದ ನಾಯಿಗೆ ಬೇಕಾದುದು ವೇಗಕ್ಕಿಂತ ಮಿಗಿಲಾಗಿ ಬಲ. ಆದುದರಿಂದ ತಿರುಗುವ ಮೋಟಾರಿರುವ, ಭಾರ ಬಿದ್ದಾಗಲೂ ವೇಗ ತಗ್ಗದಿರುವ ಯಂತ್ರವನ್ನೇ ಆರಿಸಿಕೊಳ್ಳತಕ್ಕದ್ದು. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸಿರುವ ವೇಗದ ಅಂಕಿಯೊಂದನ್ನೇ ನೋಡಿ ಮರುಳಾಗುವುದು ಎತ್ತಿನ ಬಲವನ್ನು ಅದರ ಕೊರಳಗಂಟೆಯಿಂದ ಅಳೆದಂತೆ. ಎರಡು ವೇಗಗಳಿದ್ದರೆ ಒಳ್ಳೆಯದು: ಮೆಲ್ಲನೆಯದು ಕಿವಿ ಕಾಲುಗಳಿಗೆ, ಜೋರಿನದು ಜಡೆಗೆ.

ಬ್ಲೇಡಿನ ವಿಷಯದಲ್ಲಿ ಮೋಸಹೋಗದವರು ಅಪರೂಪ. ನಮ್ಮ ತಲೆಗೆ ಹಾಕುವ ಪ್ಲಾಸ್ಟಿಕ್ ಹಣಿಗೆಗಳಲ್ಲಿ ನಂಬರು ಹೆಚ್ಚಿದಂತೆ ಕೂದಲು ಹೆಚ್ಚು ಉಳಿಯುವುದಷ್ಟೆ. ನಾಯಿಯ ಯಂತ್ರಕ್ಕೆ ಕಚ್ಚಿಸಿ ಬಿಚ್ಚುವ ಉಕ್ಕಿನ ಬ್ಲೇಡುಗಳಲ್ಲಿ ಇದಕ್ಕೆ ಸರಿಯಾಗಿ ವಿಪರೀತ. ಅಲ್ಲಿ 40ನೆಯ ನಂಬರು ಕಾಲು ಮಿಲಿಮೀಟರಷ್ಟು ಮಾತ್ರ ಬಿಡುತ್ತದೆ, ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ಬಳಸುವಂಥದು, 10ನೆಯದು ಒಂದೂವರೆ ಮಿಲಿಮೀಟರು, 7ನೆಯದು ಮೂರು, 4ನೆಯದು ಒಂಬತ್ತೂವರೆ. ಮನೆಯಲ್ಲಿ ಮೊದಲು ಕೊಳ್ಳತಕ್ಕದ್ದು 10. ಹಲ್ಲುಗಳು ಒತ್ತಾಗಿರುವುದರಿಂದ ಅವುಗಳ ನಡುವೆ ಚರ್ಮ ಸಿಕ್ಕಿಕೊಳ್ಳುವ ಭಯ ಕಡಿಮೆ, ಜಡೆಯ ಬುಡಕ್ಕೂ ಅದು ನುಗ್ಗಬಲ್ಲದು. ಒಂದು ಬಿಟ್ಟೊಂದು ಹಲ್ಲು ಉದ್ದವಾಗಿರುವ ಬ್ಲೇಡುಗಳು ನೋಟಕ್ಕೆ ಜಡೆ ಬಿಡಿಸಲೆಂದೇ ಮಾಡಿದವುಗಳಂತಿದ್ದರೂ, ಕಂಕುಳಿನ ಸಡಿಲ ಚರ್ಮವನ್ನು ಸೀಳುವುದರಲ್ಲಿ ಅವು ನಿಪುಣ; ಹೊಸಬರು ಮುಟ್ಟದಿರುವುದು ಲೇಸು. ಬ್ಲೇಡಿನ ಮೇಲೆ ಹಾಕುವ ಪ್ಲಾಸ್ಟಿಕ್ ಹಣಿಗೆಗಳ ಗೊಂಚಲನ್ನು ಅಂಗಡಿಯವನು ಉಚಿತವೆಂದು ತೋರಿಸುತ್ತಾನೆ; ತೊಳೆದು ಒಣಗಿಸಿ ಸಿಕ್ಕು ಬಿಡಿಸಿದ ಕೂದಲಿನಲ್ಲಲ್ಲದೆ ಅವು ಓಡುವುದಿಲ್ಲ. ಆ ಉಚಿತಕ್ಕಾಗಿ ಯಂತ್ರವನ್ನು ಕೊಳ್ಳಬೇಡಿ.

ಬ್ಲೇಡು ಕಾಯುವುದು ಇನ್ನೊಂದು ಪೀಡೆ. ಉಕ್ಕಿನ ಮೇಲೆ ಉಕ್ಕು ಉಜ್ಜುವಾಗ ಐದಾರು ನಿಮಿಷದಲ್ಲೇ ಅದು ಬಿಸಿಯಾಗುವುದು. ನಮ್ಮ ಕೈಗೆ ಬೆಚ್ಚಗೆನಿಸಿದುದು ನಾಯಿಯ ತೆಳುವಾದ ಚರ್ಮಕ್ಕೆ ಬರೆಯಾಗಬಹುದು, ಮತ್ತು ಅದು ಬಾಯಿಬಿಟ್ಟು ಹೇಳುವ ಪ್ರಾಣಿಯಲ್ಲ. ಆಗಾಗ ನಿಲ್ಲಿಸಿ, ಬ್ಲೇಡನ್ನು ಮೊಳಕೈಯ ಒಳಬದಿಗೆ ತಾಗಿಸಿ ನೋಡಿಕೊಳ್ಳಬೇಕು. ಹಲ್ಲಿನ ಮೇಲೆ ಎರಡು ತೊಟ್ಟು ಯಂತ್ರದೆಣ್ಣೆ ಬಿಟ್ಟು ಓಡಿಸಿ ಒರೆಸುವುದನ್ನು ಪ್ರತಿಸಲವೂ ತಪ್ಪಿಸಬಾರದು. ಕೊಬ್ಬರಿ ಎಣ್ಣೆ ಈ ಕೆಲಸಕ್ಕೆ ಬಾರದು. ನಾನು ಹಾಕಿ ನೋಡಿದ್ದೇನೆ, ಕೂದಲಿನ ಹುಡಿಯೊಡನೆ ಸೇರಿ ಚಳಿಯಲ್ಲಿ ಅಂಟಾಯಿತು. ಸಂತೆಯಲ್ಲಿ ಚಕ್ರ ತಿರುಗಿಸಿ ಚಾಕು ಕತ್ತರಿಗಳನ್ನು ಮಸೆಯುವವನ ಕೈಗೂ ಈ ಬ್ಲೇಡನ್ನು ಕೊಡತಕ್ಕದ್ದಲ್ಲ. ಎರಡು ಪಟ್ಟಿಗಳೂ ಕನ್ನಡಿಯಂತೆ ಸಮತಟ್ಟಾಗಿ ಒಂದನ್ನೊಂದು ಅಪ್ಪಿಕೊಂಡಿದ್ದರೆ ಮಾತ್ರ ಅದು ಕತ್ತರಿಸುವುದು. ಸಮತಟ್ಟಾದ ತಟ್ಟೆಯ ಮೇಲೆ ಮಸೆಯುವವರು ಬೇರೆ.

ತಂತಿಯ ಯಂತ್ರವೋ ಬ್ಯಾಟರಿಯದೋ ಎಂಬ ಪ್ರಶ್ನೆಗೆ ನಗರದವರ ಉತ್ತರ ಬೇರೆಯಾಗಬಹುದು. ತಂತಿಯದು ಒಂದೇ ಬಲದಲ್ಲಿ ಎಷ್ಟು ಹೊತ್ತಾದರೂ ಓಡುವುದು ನಿಜ. ಆದರೆ ಅರ್ಧ ಜಡೆ ಬಿಡಿಸಿದ ಹೊತ್ತಿಗೆ ವಿದ್ಯುತ್ತು ಹೋದರೆ ಉಳಿದರ್ಧಕ್ಕೆ ನಾಯಿ ಕಾಯುವುದಿಲ್ಲ. ನಾನು ಕೊನೆಗೆ ಕೊಂಡುದು ಲಿಥಿಯಮ್ ಬ್ಯಾಟರಿಯದು. ತಂತಿ ಕಾಲಿಗೆ ತೊಡರುವುದಿಲ್ಲವೆಂಬುದು ಅದರ ಇನ್ನೊಂದು ಗುಣ. ಸದ್ದಿನ ವಿಚಾರದಲ್ಲಿ ಅಂಗಡಿಯಲ್ಲಿ ಕಿವಿಯಿಂದ ಕೇಳಿಯೇ ನಿರ್ಣಯಿಸಬೇಕು. ಹಾಗಿದ್ದೂ ಬೆಳ್ಳಿ ಒಂದು ವಾರ ಅದರ ಹತ್ತಿರ ಸುಳಿಯಲಿಲ್ಲ. ನಿಂತ ಯಂತ್ರವನ್ನು ಅದರ ಅನ್ನದ ತಟ್ಟೆಯ ಪಕ್ಕದಲ್ಲಿಟ್ಟು, ಆಮೇಲೆ ದೂರದಲ್ಲಿ ಓಡಿಸಿ, ಆಮೇಲೆ ಓಡುವ ಯಂತ್ರದ ಬೆನ್ನನ್ನು ಅದರ ಬೆನ್ನಿಗೆ ತಾಗಿಸಿ, ಪ್ರತಿಸಲವೂ ಒಂದು ಚೂರು ರೊಟ್ಟಿ ಕೊಟ್ಟು ನನ್ನ ಹೆಂಡತಿ ಅದನ್ನು ಒಲಿಸಿಕೊಂಡಳು.

ಕೆಲಸದ ಕ್ರಮವನ್ನು ಮಾತ್ರ ನಾನು ರೊಪ್ಪದಿಂದಲೇ ತಂದೆ. ಎಡಗೈ ಚರ್ಮವನ್ನು ಬಿಗಿಹಿಡಿಯಬೇಕು. ಬ್ಲೇಡು ಮೈಗೆ ಚುಚ್ಚಿದಂತಲ್ಲ, ಮಲಗಿದಂತೆ ಹೋಗಬೇಕು. ಒತ್ತಬಾರದು, ಯಂತ್ರದ ತೂಕವೇ ಸಾಕು. ಜಡೆಯನ್ನು ಮೇಲಕ್ಕೆ ಎಳೆದರೆ ಅದರೊಡನೆ ಚರ್ಮವೂ ಗುಡಾರದಂತೆ ಎದ್ದು ಹಲ್ಲಿಗೆ ಸಿಗುವುದು. ಆದುದರಿಂದ ಎಳೆಯದೆ, ಜಡೆಗೂ ಚರ್ಮಕ್ಕೂ ನಡುವೆ ಬ್ಲೇಡನ್ನು ಮೆಲ್ಲನೆ ತೂರಿಸಬೇಕು. ಹಸಿಗೂದಲಿಗೆ ಯಂತ್ರ ಹಾಕಬಾರದು; ಸಿಕ್ಕು ಬಿಡಿಸದೆ ಸ್ನಾನ ಮಾಡಿಸಲೂಬಾರದು, ನೀರು ಬಿದ್ದ ಗಂಟು ಇನ್ನಷ್ಟು ಬಿಗಿಯುವುದು. ಜಡೆ ತೆಗೆದ ಜಾಗದಲ್ಲಿ ಉಣ್ಣೆಹುಳು ಕಚ್ಚಿಕೊಂಡಿದೆಯೇ ಎಂದು ನೋಡಿರಿ. ನಮ್ಮ ಸೀಮೆಯಲ್ಲಿ ನಾಯಿಗಳನ್ನು ಕೊಲ್ಲುವ ಉಣ್ಣೆಜ್ವರ ಬಿಸಿಲಿಗಿಂತ ದೊಡ್ಡ ಶತ್ರು. ಜಡೆ ಮೈಯೆಲ್ಲ ಹಬ್ಬಿ ಹಾಳೆಯಂತಾಗಿದ್ದರೆ, ಚರ್ಮ ಒಸರುತ್ತಿದ್ದರೆ, ಆ ಕೆಲಸ ಮನೆಯದಲ್ಲ, ಪಶುವೈದ್ಯರದು.

ಯುಗಾದಿಯಿಂದ ಈಚೆಗೆ ಬೆಳ್ಳಿಯ ಮೈಮೇಲೆ ಯಂತ್ರ ಓಡಿದುದು ಒಟ್ಟು ನಾಲ್ಕು ಸಲ, ಒಂದೊಂದು ಸಲಕ್ಕೂ ಹತ್ತು ನಿಮಿಷಕ್ಕೆ ಮೀರದೆ. ಬಾಚಣಿಗೆ ದಿನವೂ ಓಡುತ್ತಿದೆ. ಕಳೆದ ತಿಂಗಳು ಆ ಹಿರಿಯರು ಗುಡಿಯ ಮುಂದೆ ಸಿಕ್ಕಿ, ನಾಯಿಯ ಬೆನ್ನಿನೊಳಕ್ಕೆ ಬೆರಳಿಟ್ಟು ನೋಡಿ, “ಈಗ ಸರಿಯಾತು” ಎಂದರು.